ಮೂಗಿನ ದುರ್ಮಾಂಸ: ಕನ್ನಡ ಕರಾವಳಿಯ ಒಂದು ವ್ಯಾಧಿಯ ಇತಿಹಾಸ

ಮೂಗಿನೊಳಗೆ ಬೆಳೆಯುವ ಗಂತಿಗಳನ್ನೆಲ್ಲ ನಮ್ಮ ಜನರು 'ದುರ್ಮಾಂಸ'ವೆಂಬ ಒಂದೇ ಹೆಸರಿನಿಂದ ಕರೆಯುತ್ತ ಬಂದಿದ್ದಾರೆ. ಶಾಸ್ತ್ರವು ಪ್ರಾಚೀನ ಕಾಲದಿಂದಲೂ ಅವುಗಳಲ್ಲಿ ಭೇದವನ್ನೆಣಿಸಿದೆ. ಸುಶ್ರುತಸಂಹಿತೆಯ ಉತ್ತರತಂತ್ರವು ಮೂಗಿನ 31 ರೋಗಗಳನ್ನು ಹೇಳಿ, ಅವುಗಳಲ್ಲಿ ಅರ್ಶಗಳನ್ನು ನಾಲ್ಕಾಗಿಯೂ ಅರ್ಬುದಗಳನ್ನು ಏಳಾಗಿಯೂ ವಿಂಗಡಿಸುತ್ತದೆ. ಆದರೆ ಹೊರರೂಪವೊಂದರಿಂದಲೇ ರೋಗವನ್ನು ನಿರ್ಣಯಿಸಲಾಗದೆಂಬುದಕ್ಕೆ ರೈನೋಸ್ಪೊರಿಡಿಯೋಸಿಸ್ ಎಂಬ ವ್ಯಾಧಿಯ ಇತಿಹಾಸವೇ ನಿದರ್ಶನ.

ಈ ಗಂತಿಯು ಕೆಂಪಾಗಿದ್ದು ಮುಟ್ಟಿದೊಡನೆ ರಕ್ತ ಸೂಸುತ್ತದೆ. ಮೇಲ್ಮೈಯಲ್ಲಿ ಬಿಳಿಯ ಚುಕ್ಕೆಗಳಿರುತ್ತವೆ. ನೋಡಲು ಅರ್ಬುದದಂತಿದ್ದರೂ ಅದು ಸೂಕ್ಷ್ಮಜೀವಿಯಿಂದ ಉಂಟಾದುದು. ಆ ಚುಕ್ಕೆಗಳು ಜೀವಿಯ ಬೀಜಕಕೋಶಗಳು. 1900ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಗಿಲ್ಲೆರ್ಮೊ ಸೀಬರನು ಇದನ್ನು ವರ್ಣಿಸಿದನು. 1903ರಲ್ಲಿ ಕಲ್ಕತ್ತೆಯ ರೋಗಿಯೊಬ್ಬನ ವೃತ್ತಾಂತವನ್ನು ಓಕಿನೀಲಿ ಪ್ರಕಟಿಸಿದನು. ಮೊದಲು ಏಕಕೋಶ ಪ್ರಾಣಿಯೆನಿಸಿದ್ದ ಈ ಜೀವಿಯನ್ನು 1923ರಲ್ಲಿ ಎಡಿನ್‌ಬರೋದ ಆಶ್‌ವರ್ತನು ಶಿಲೀಂಧ್ರವೆಂದನು. 1999ರ ಅನುವಂಶೀಯ ಪರೀಕ್ಷೆಯು ಅದು ಶಿಲೀಂಧ್ರವೂ ಅಲ್ಲ, ಮೀನುಗಳ ಕೆಲವು ಪರೋಪಜೀವಿಗಳ ಬಂಧುವೆಂದು ತೋರಿಸಿತು.

ಹೀಗೆ ವರ್ಗೀಕರಣವು ಬದಲಾದರೂ ಚಿಕಿತ್ಸೆಯ ಮೂಲತತ್ತ್ವ ಬದಲಾಗಲಿಲ್ಲ. ಗಂತಿಯನ್ನು ಬುಡಸಹಿತ ಕತ್ತರಿಸಿ, ಬುಡವನ್ನು ಸುಡುವುದೇ ಇಂದಿಗೂ ಮುಖ್ಯ ವಿಧಾನ. ಮರುಕಳಿಸದಿರಲೆಂದು ಕೆಲವೊಮ್ಮೆ ಡ್ಯಾಪ್ಸೋನನ್ನೂ ಕೊಡುವುದುಂಟು. ತೆಗೆದ ಮಾಂಸವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸದೆ ನಿರ್ಣಯವು ಪೂರ್ಣವಾಗದು. ಆದರೆ ಹದಿಹರೆಯದ ಹುಡುಗರಲ್ಲಿ ಕಾಣುವ ಆಂಜಿಯೋಫೈಬ್ರೋಮ ಎಂಬ ವಿರಳ ಗಂತಿಯಿಂದ ತುಣುಕು ತೆಗೆದರೆ ಅತಿಯಾದ ರಕ್ತಸ್ರಾವವಾಗಬಹುದು, ಅಲ್ಲಿ ಸಿ.ಟಿ. ಚಿತ್ರಣವೇ ಮೊದಲಾಗಬೇಕು.

ರೈನೋಸ್ಪೊರಿಡಿಯೋಸಿಸ್ ಭಾರತ ಮತ್ತು ಶ್ರೀಲಂಕಾಗಳಲ್ಲಿ ಅಧಿಕ. ಕೆರೆಹೊಂಡಗಳ ಸ್ನಾನಕ್ಕೂ ನದಿಯ ಮರಳು ತೆಗೆಯುವ ಕೆಲಸಕ್ಕೂ ಅದಕ್ಕೂ ಸಂಬಂಧವಿದೆಯೆಂದು ವೈದ್ಯರು ಗುರುತಿಸಿದ್ದಾರೆ. ಆದುದರಿಂದ ಶರಾವತಿಯ ಅಳಿವೆಗೆ ಉತ್ತರದಲ್ಲಿರುವ ಹಳದೀಪುರದಂಥ ಊರುಗಳ ಆರೋಗ್ಯದ ಇತಿಹಾಸದಲ್ಲಿ ಈ ಪ್ರಶ್ನೆಯನ್ನು ಕೇಳುವುದು ಯುಕ್ತ. ಅದಕ್ಕೆ ಉತ್ತರ ಹುಡುಕುವವನಿಗೆ ಎರಡು ತೊಡಕುಗಳಿವೆ. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತು; ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. 1956ರವರೆಗೆ ಒಂದೇ ಕರಾವಳಿಯ ಆಡಳಿತವು ಹೀಗೆ ಇಬ್ಭಾಗವಾಗಿದ್ದುದರಿಂದ ಎರಡು ಕಡೆಯ ದಾಖಲೆಗಳನ್ನೂ ಕೂಡಿಸಿ ಓದಬೇಕು. ಎರಡನೆಯದಾಗಿ, ಸೂಕ್ಷ್ಮದರ್ಶಕದ ಸಾಕ್ಷ್ಯವಿಲ್ಲದೆ 'ದುರ್ಮಾಂಸ'ವೆಂದಷ್ಟೇ ಬರೆದಿರುವ ಕಡೆಯಲ್ಲಿ ಅದು ಯಾವ ರೋಗವೆಂದು ಹೇಳಲಾಗದು. ಮಣಿಪಾಲದಲ್ಲಿ 1953ರಲ್ಲಿಯೂ ಹುಬ್ಬಳ್ಳಿಯಲ್ಲಿ 1957ರಲ್ಲಿಯೂ ವೈದ್ಯಕೀಯ ಕಾಲೇಜುಗಳು ಸ್ಥಾಪನೆಯಾದ ಮೇಲೆ ಅಂಥ ಪರೀಕ್ಷೆಯು ಈ ಜಿಲ್ಲೆಯವರಿಗೆ ಸಮೀಪವಾಯಿತು.

ಒಂದೇ ಹೊಳ್ಳೆ ಕಟ್ಟಿ ಪದೇ ಪದೇ ರಕ್ತ ಬರುವಾಗ ಅದನ್ನು ಬರಿಯ ನೆಗಡಿಯೆಂದು ಕಡೆಗಣಿಸಬಾರದೆಂದು ವೈದ್ಯನು ಹೇಳುತ್ತಾನೆ. ಹೆಸರೊಂದನ್ನೇ ನಂಬಿ ರೋಗವನ್ನು ಎಣಿಸಬಾರದೆಂದು ಚರಿತ್ರಕಾರನು ಹೇಳಬೇಕಾಗಿದೆ.