ನೊರೆ ಕಾದವರು ಯಾರು?

ಇಂಗ್ಲೆಂಡಿನ ಲಡ್ಲೋ ಊರಿನ ಹಳೆಯ ಚರ್ಚಿನಲ್ಲಿ, ಪಾದ್ರಿಗಳು ಕೂರುವ ಮರದ ಪೀಠದ ಅಡಿಗೆ ಒಂದು ಕೆತ್ತನೆಯಿದೆ. ಏಲ್ ಮಾರುವ ಹೆಂಗಸೊಬ್ಬಳನ್ನು ಪಿಶಾಚಿ ಹೊತ್ತುಕೊಂಡು ನರಕದ ಬಾಯಿಗೆ ನಡೆದಿದೆ. ಅಳತೆಯಲ್ಲಿ ಮೋಸ ಮಾಡಿದ್ದು ಅವಳ ಪಾಪವಂತೆ. ಮೋಸ ಮಾಡಿದವರೂ ಇದ್ದಿರಬಹುದು, ಇಲ್ಲ ಅನ್ನೋಲ್ಲ. ಆದರೆ ಊರಿನ ಬಾಯಾರಿಕೆ ತಣಿಸಿದವಳು ಚರಿತ್ರೆಗೆ ಸಿಕ್ಕಿದ್ದು ಹೀಗೆ. ಇನ್ನೊಂದು ಕಡೆ ಸಿಕ್ಕಿದ್ದು ದಂಡದ ಪಟ್ಟಿಯಲ್ಲಿ.

ಇದೇನು ಹೆಂಡದ ಪುರಾಣ ಎಂದು ಗೆಳೆಯರು ಮೂಗು ಮುರಿಯಬಾರದು. ಕುಡಿತ ಮನೆ ಮುರಿದದ್ದನ್ನು ಕಣ್ಣಾರೆ ಕಂಡವನು ನಾನು. ಅದನ್ನು ಹೊಗಳಲು ಕೂತಿಲ್ಲ. ಒಂದು ದುಡಿಮೆ, ಒಂದು ವಿದ್ಯೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನೋದಷ್ಟೇ ನನ್ನ ಪ್ರಶ್ನೆ.

ಹದಿಮೂರು, ಹದಿನಾಲ್ಕನೇ ಶತಮಾನದ ಇಂಗ್ಲೆಂಡಿನ ಹಳ್ಳಿಗಳಲ್ಲಿ ಏಲ್ ಮಾಡುತ್ತಿದ್ದವರು ಬಹುಪಾಲು ಹೆಂಗಸರು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ನೀರು, ಯೀಸ್ಟು, ಇಷ್ಟೇ. ನಾಲ್ಕಾರು ದಿನಕ್ಕೆ ಹುಳಿಯಾಗುವ ಪದಾರ್ಥ. ಹಾಗಾಗಿ ಮನೆಗೆ ಮಿಕ್ಕಿದ್ದನ್ನು ಬಾಗಿಲ ಮುಂದೆ ಒಂದು ಕೋಲು ನಿಲ್ಲಿಸಿ ನೆರೆಯವರಿಗೆ ಮಾರುತ್ತಿದ್ದರು. ದರ ಕಟ್ಟುವ ಕಾನೂನು ಅದೇ ಹದಿಮೂರನೇ ಶತಮಾನದಲ್ಲಿ ಬಂತು. ಊರೊಡೆಯನ ನ್ಯಾಯಸ್ಥಾನದಲ್ಲಿ ಈ ಹೆಂಗಸರಿಗೆ ಮತ್ತೆ ಮತ್ತೆ ದಂಡ ಬಿತ್ತು. ಎಷ್ಟೋ ಊರುಗಳಲ್ಲಿ ಅದು ದಂಡದ ಹೆಸರಿನ ತೆರಿಗೆಯೇ. ಎಷ್ಟೋ ಸಲ ಮಾಡಿದವಳ ಹೆಸರೂ ಇಲ್ಲ, ಗಂಡನ ಹೆಸರಿದೆ. ಜುಡಿತ್ ಬೆನೆಟ್ ಎಂಬ ಇತಿಹಾಸಕಾರ್ತಿ ಇಂಥ ದಾಖಲೆಗಳನ್ನೇ ಕೆದಕಿ 1996ರಲ್ಲಿ ಒಂದು ಪುಸ್ತಕ ಬರೆದರು.

ಈಗ ವಿದ್ಯೆಯ ಮಾತು. ನೀರು ಕುದಿಸಿ, ಆವಿ ತಿಳಿಯಾಗಿ ನೀರಿನಲ್ಲಿ ತನ್ನ ಮುಖ ಕಾಣುವವರೆಗೆ ಕಾಯಬೇಕು. ಆಗ ಮಾಲ್ಟು ಬೆರೆಸಬೇಕು. ಇದೇ ಅವರ ಥರ್ಮಾಮೀಟರು. ಬಸಿದ ಸಿಹಿರಸವನ್ನು ಅಗಲ ತೊಟ್ಟಿಯಲ್ಲಿ ಆರಿಸಿ, ಉಗುರುಬೆಚ್ಚಗಿರುವಾಗ ಹಿಂದಿನ ಸಲದ ನೊರೆಯನ್ನು ಹಾಕಬೇಕು, ನಮ್ಮವ್ವ ಹಾಲಿಗೆ ಹೆಪ್ಪು ಹಾಕುವ ಹಾಗೆ. ಮಾರನೆಯ ದಿನ ಅದು ಏಳುತ್ತದೆ. ಖಡಕ್ ಏಲಿನ ರಸದಲ್ಲಿ ಸಕ್ಕರೆ ಜಾಸ್ತಿ. ಸಕ್ಕರೆ ಜಾಸ್ತಿಯಾದಷ್ಟೂ ಹುದುಗು ತಾನೇ ಕಾವು ಹುಟ್ಟಿಸುತ್ತದೆ. ಕಾವೇರಿದಷ್ಟೂ ಇನ್ನಷ್ಟು ರೊಚ್ಚಿಗೇಳುತ್ತದೆ. ನೊರೆ ಕೊಪ್ಪರಿಗೆ ದಾಟಿ ನೆಲಕ್ಕೆ ಹರಿಯುತ್ತದೆ, ರುಚಿ ಕೆಡುತ್ತದೆ. ಕೆಲವು ಸಲ ಎದ್ದ ಹುದುಗು ನಡುದಾರಿಯಲ್ಲೇ ಸುಸ್ತಾಗಿ ಮಲಗುತ್ತದೆ. ಆಗ ಕಲಕಿ ಎಬ್ಬಿಸಬೇಕು. ಅದಕ್ಕೇ ಖಡಕ್ ಏಲಿಗೆ ತಂಪು ಹವೆಯ ಅಕ್ಟೋಬರ್, ಮಾರ್ಚ್ ತಿಂಗಳುಗಳೇ ಆಗಬೇಕು. ಕೊಪ್ಪರಿಗೆಯಲ್ಲಿ ಮೇಲೆ ಜಾಗ ಬಿಡಬೇಕು. ಸೌಟಿನಲ್ಲಿ ನೊರೆ ತೆಗೆಯುತ್ತಿರಬೇಕು. ಪೀಪಾಯಿಗೆ ತುಂಬಿದ ಮೇಲೂ ಬಿರಡೆ ಬಿಗಿಯುವಂತಿಲ್ಲ. ಬಾಯಿಂದ ನೊರೆ ಉಕ್ಕಿ ಹೋಗಲಿ ಎಂದು ಬಿಟ್ಟು, ಕುಗ್ಗಿದಷ್ಟನ್ನು ಮತ್ತೆ ತುಂಬುತ್ತಾ ಹಗಲೂ ರಾತ್ರಿ ಕಾಯಬೇಕು. ಒಳಗಿನ ಬುಸುಗುಟ್ಟುವ ಸದ್ದು ನಿಲ್ಲುವ ಮೊದಲೇ ಬಿಗಿದರೆ ಪೀಪಾಯಿ ಒಡೆದೀತು. ತೆಗೆದ ನೊರೆ ಬಿಸಾಡುವುದಲ್ಲ, ಅದರಿಂದಲೇ ರೊಟ್ಟಿ ಉಬ್ಬುವುದು. ಯೀಸ್ಟು ಒಂದು ಜೀವಿ ಎಂದು ಷ್ವಾನ್ ಮೊದಲಾದವರು 1837ರ ಸುಮಾರಿಗೆ, ಆಮೇಲೆ ಪಾಶ್ಚರ್ ತೋರಿಸಿಕೊಟ್ಟರು. ಅಕ್ಷರ ಬಾರದ ಕೈಗಳು ಶತಮಾನಗಳಿಂದ ಅದನ್ನು ಸಾಕಿಕೊಂಡೇ ಬಂದಿದ್ದವು.

ಹಾಗಾದರೆ ಆ ಖಡಕ್ ಏಲ್ ಕುಡಿದವರು ಯಾರು? ದೊಡ್ಡ ಬಂಗಲೆಗಳಲ್ಲಿ ಮಾಲ್ಟಿನಿಂದ ಬಸಿದ ಮೊದಲ ರಸ ಧಣಿಗೆ. ಅದೇ ಮಾಲ್ಟಿಗೆ ಎರಡನೇ, ಮೂರನೇ ಸಲ ನೀರು ಹೊಯ್ದು ತೆಗೆದ ತೆಳುನೀರು ಆಳುಕಾಳುಗಳಿಗೆ. ಅದಕ್ಕೆ 'ಸ್ಮಾಲ್ ಬಿಯರ್' ಎಂದು ಹೆಸರು. ಧಣಿಗೆ ಗಂಡು ಕೂಸು ಹುಟ್ಟಿದರೆ ಅತಿ ಖಡಕ್ ಏಲ್ ಮಾಡಿ ಪೀಪಾಯಿಯಲ್ಲಿಟ್ಟು, ಅವನಿಗೆ 21 ತುಂಬಿದ ದಿನ ಬಿರಡೆ ತೆಗೆಯುತ್ತಿದ್ದರು. ಆ ಪೀಪಾಯಿಯ ನೊರೆ ಕಾದ ಆಳಿನ ಮಗ ಅಷ್ಟು ಹೊತ್ತಿಗೆ ಅದೇ ಹೊಲದಲ್ಲಿ ಕುಯ್ಲಿಗೆ ಬಗ್ಗಿರುತ್ತಿದ್ದ. ಕೂಲಿಯ ಒಂದು ಪಾಲನ್ನು ಬಿಯರಿನಲ್ಲೇ ಕೊಡುವ ಪದ್ಧತಿಗೆ ಕಾನೂನು ತಡೆ ಹಾಕಿದ್ದು 1887ರಲ್ಲಿ.

ಹದಿನೈದನೇ ಶತಮಾನದಲ್ಲಿ ಸಮುದ್ರದಾಚೆಯಿಂದ ಹಾಪ್ಸ್ ಹಾಕಿದ ಬಿಯರು ಬಂತು. ಕೆಡದೆ ಬಹಳ ದಿನ ಉಳಿಯುವುದು, ದೂರ ಸಾಗಿಸಬಹುದು. ಆದರೆ ದೊಡ್ಡ ಹಂಡೆ ಬೇಕು, ಸೌದೆ ಬೇಕು, ಸಾಲ ಹುಟ್ಟಬೇಕು. ವಿಧವೆಗೆ, ಒಂಟಿ ಹೆಂಗಸಿಗೆ ಸಾಲ ಕೊಡುವವರು ಯಾರಪ್ಪ? 1600ರ ಹೊತ್ತಿಗೆ ಬಹಳ ಕಡೆ ಇದು ಗಂಡಸರ ವ್ಯಾಪಾರವಾಯಿತು. ಕೊಪ್ಪರಿಗೆಗಳು ಬೆಳೆದವು. ಲಂಡನ್ನಿನ ಹಾರ್ಸ್‌ ಶೂ ಬ್ರೂವರಿಯಲ್ಲಿ 22 ಅಡಿ ಎತ್ತರದ ಒಂದು ತೊಟ್ಟಿ, ಅದರಲ್ಲಿ 3,500ಕ್ಕೂ ಹೆಚ್ಚು ಪೀಪಾಯಿ ಪೋರ್ಟರ್. 1814ರ ಅಕ್ಟೋಬರ್ 17ರ ಸಂಜೆ ಅದರ ಒಂದು ಕಬ್ಬಿಣದ ಪಟ್ಟಿ ಜಾರಿತು. ಆಗಾಗ ಜಾರುವುದೇ ಎಂದು ಮೇಲಿನವರು ಸುಮ್ಮನಿದ್ದರು. ಸುಮಾರು ಒಂದು ಗಂಟೆಯ ಮೇಲೆ ತೊಟ್ಟಿ ಸಿಡಿಯಿತು. ಪಕ್ಕದ ಸೇಂಟ್ ಜೈಲ್ಸ್‌ನ ಬಡವರ ಕೇರಿಗೆ ಬಿಯರಿನ ಪ್ರವಾಹ ನುಗ್ಗಿತು. ಎಂಟು ಜನ ಸತ್ತರು. ಎಲ್ಲರೂ ಹೆಂಗಸರು, ಮಕ್ಕಳು. ಅವರಲ್ಲಿ ಕೆಲವರು ನೆಲಮಾಳಿಗೆಯಲ್ಲಿ ಸತ್ತ ಕೂಸೊಂದರ ಮುಂದೆ ಅಳುತ್ತಾ ಕೂತಿದ್ದವರು. ವಿಚಾರಣೆ ಅದನ್ನು ಆಕಸ್ಮಿಕ ಎಂದಿತು. ಚೆಲ್ಲಿಹೋದ ಬಿಯರಿಗೆ ಕಟ್ಟಿದ್ದ ಸುಂಕ, ಸುಮಾರು 7,250 ಪೌಂಡು, ಮಾಲೀಕರಿಗೆ ವಾಪಸು ಬಂತು. ಸತ್ತವರ ಮನೆಗೆ ಕಂಪನಿಯಿಂದ ಏನೂ ಬರಲಿಲ್ಲ.

ಇತ್ತ ಹಳ್ಳಿಯ ಒಲೆಯನ್ನು ಆರಿಸಿದ್ದು ತೆರಿಗೆ. 1697ರಿಂದ ಮಾಲ್ಟಿನ ಮೇಲೆ ಸುಂಕ. ಕೂಲಿಕಾರ ಮನೆಯಲ್ಲೇ ಏಲ್ ಮಾಡಿಕೊಳ್ಳಲಿ ಎಂದು ವಿಲಿಯಂ ಕಾಬೆಟ್ 1821-22ರಲ್ಲಿ ಕಂತು ಕಂತಾಗಿ ಪುಸ್ತಕ ಬರೆದು ಈ ಸುಂಕವನ್ನು ಬೈದ. ಬರೆದದ್ದು ನಿಜವೇ; ಆದರೆ ಹೆಂಗಸರಿಗೆ ಉಪದೇಶ ಮಾಡುವಾಗ ಅವನದೂ ಯಜಮಾನನ ದನಿಯೇ. 1880ರಲ್ಲಿ ಗ್ಲ್ಯಾಡ್‌ಸ್ಟನ್ ಮಾಲ್ಟ್ ಸುಂಕ ತೆಗೆದು ಬಿಯರಿನ ಮೇಲೆ ಸುಂಕ ಹಾಕಿದ. ಮನೆಯಲ್ಲಿ ಮಾಡುವವರಿಗೂ ಲೈಸೆನ್ಸು ಬೇಕಾಯಿತು. ಅದು ಹೋದದ್ದು 1963ರಲ್ಲಿ, ಹಣಮಂತ್ರಿ ಮಾಡ್ಲಿಂಗ್ ಬಜೆಟ್ಟಿನಲ್ಲಿ. ಮಾರದಿದ್ದರೆ ಸಾಕು, ಯಾರು ಬೇಕಾದರೂ ಮಾಡಿಕೊಳ್ಳಬಹುದು. ಅಷ್ಟರಲ್ಲಿ ಕೇಳಿ ಕಲಿಯೋಣವೆಂದರೆ ಎಷ್ಟೋ ಮನೆಗಳಲ್ಲಿ ಹೇಳಿಕೊಡುವ ಅಜ್ಜಿಯೇ ಇರಲಿಲ್ಲ. ನೊರೆ ಉಕ್ಕಿ ನೆಲಕ್ಕೆ ಹರಿದಾಗ ಏನು ಮಾಡಬೇಕೆಂದು ತಿಳಿಯಲು ಜನ ಅಂಗಡಿಯಿಂದ ಪುಸ್ತಕ ತರಬೇಕಾಯಿತು.