ಕಜಾಂಟ್‌ಜಾಕಿಸ್‌ನ ಯೇಸು: ದೇವತಾಶಾಸ್ತ್ರದ ಕಟಕಟೆಯಲ್ಲಿ ಒಂದು ಕಾದಂಬರಿ

ಯೇಸುವಿನ ಬದುಕನ್ನು ಕಾದಂಬರಿಗೆ ತಂದು ಕ್ರೈಸ್ತ ಸಭೆಗಳ ಸಿಟ್ಟಿಗೆ ಗುರಿಯಾದ ಲೇಖಕರು ಹಲವರು. ಪೋರ್ಚುಗಲ್ಲಿನ ಜೊಸೆ ಸರಮಾಗೊ 1991ರಲ್ಲಿ ಪ್ರಕಟಿಸಿದ ಕೃತಿಯನ್ನು ಅಲ್ಲಿನ ಸರ್ಕಾರ ಯುರೋಪಿನ ಸಾಹಿತ್ಯ ಪ್ರಶಸ್ತಿಯೊಂದರ ಪಟ್ಟಿಯಿಂದ ಕೈಬಿಟ್ಟಿತು. ಬೇಸತ್ತ ಅವನು ಸ್ಪೇನಿನ ಲಾನ್ಸರೋಟೆ ದ್ವೀಪಕ್ಕೆ ಹೋಗಿ ನೆಲೆಸಿದ. ಡ್ಯಾನ್ ಬ್ರೌನ್‌ನ ‘ದ ಡಾ ವಿಂಚಿ ಕೋಡ್’ (2003) ಸಿನಿಮಾ ಆದಾಗ ಅದರ ಗದ್ದಲ ನಮ್ಮ ದೇಶದ ಕೆಲವು ರಾಜ್ಯಗಳ ಚಿತ್ರಮಂದಿರಗಳಿಗೂ ಬಂತು. ಸರಮಾಗೊ ನಾಸ್ತಿಕ, ಅವನ ಜಗಳ ತಂದೆಯಾದ ದೇವರೊಂದಿಗೆ. ಬ್ರೌನ್‌ಗೆ ಬೇಕಿದ್ದುದು ರೋಚಕವಾದ ಒಂದು ಗುಟ್ಟು, ಅಷ್ಟೇ. ಗ್ರೀಸಿನ ನಿಕೋಸ್ ಕಜಾಂಟ್‌ಜಾಕಿಸ್ (1883–1957) ಇವರಿಬ್ಬರ ಸಾಲಿಗೂ ಸೇರುವುದಿಲ್ಲ. ಯೇಸು ಪೂರ್ಣ ಮನುಷ್ಯ ಎಂಬ ಸಭೆಯ ಮಾತನ್ನೇ ಹಿಡಿದು ಅದು ಎಲ್ಲಿಯವರೆಗೆ ಒಯ್ಯುತ್ತದೋ ಅಲ್ಲಿಯವರೆಗೆ ಹೋದವನು ಅವನು. ಅವನ ‘ಕೊನೆಯ ಶೋಧನೆ’ಯ ಮೇಲೆ ಹೊರಿಸಿದ ಮುಖ್ಯ ಆರೋಪ ಜನ ತಿಳಿದಷ್ಟು ಗಟ್ಟಿಯದಲ್ಲ, ಹೊರಿಸಬಹುದಾಗಿದ್ದ ಗಟ್ಟಿ ಆರೋಪವನ್ನು ವಿರೋಧಿಗಳು ಬಹುಪಾಲು ಬದಿಗಿಟ್ಟರು ಎಂಬುದು ಈ ಲೇಖನದ ವಾದ.

ಕ್ರೀಟ್ ದ್ವೀಪದ ಹೆರಾಕ್ಲಿಯೊನ್‌ನಲ್ಲಿ ಹುಟ್ಟಿ, ಅಥೆನ್ಸಿನಲ್ಲಿ ಕಾನೂನು ಓದಿ, ಪ್ಯಾರಿಸಿನಲ್ಲಿ ದಾರ್ಶನಿಕ ಬರ್ಗ್‌ಸನ್‌ನ ಉಪನ್ಯಾಸಗಳನ್ನು ಕೇಳಿ, ನೀಚೆಯ ಮೇಲೆ ಪ್ರಬಂಧ ಬರೆದವನು ಕಜಾಂಟ್‌ಜಾಕಿಸ್. 1914ರಲ್ಲಿ ಆಥೊಸ್ ಬೆಟ್ಟದ ಸನ್ಯಾಸಿಮಠಗಳಲ್ಲಿ ಅಲೆದ. ಬುದ್ಧನ ಬಗ್ಗೆ ನಾಟಕವನ್ನೂ ಅಸ್ಸಿಸಿಯ ಫ್ರಾನ್ಸಿಸನ ಬಗ್ಗೆ ಕಾದಂಬರಿಯನ್ನೂ ಬರೆದ. ಯೇಸುವಿನ ಕಾದಂಬರಿಯನ್ನು ಬರೆದದ್ದು ಫ್ರಾನ್ಸಿನ ಆಂಟಿಬ್‌ನಲ್ಲಿ, ಅರವತ್ತೇಳು ದಾಟಿದ ಮೇಲೆ. ಅದರಲ್ಲಿ ನಜರೇತಿನ ಬಡಗಿ ರೋಮನ್ನರಿಗೆ ಶಿಲುಬೆ ಮಾಡಿಕೊಡುವವನು. ದೇವರು ತನ್ನನ್ನು ಆರಿಸದೆ ಬಿಟ್ಟರೆ ಸಾಕೆಂದು ಆ ಹೀನ ಕೆಲಸಕ್ಕೆ ಕೈಹಾಕಿದವನು. ಶಿಲುಬೆಗೇರಿಸಿದ ಕ್ಷಣದಲ್ಲಿ ಅವನಿಗೆ ಮೂರ್ಛೆ ಬರುತ್ತದೆ. ದೇವದೂತನ ವೇಷದಲ್ಲಿ ಬಂದವನೊಬ್ಬ ಅವನನ್ನು ಇಳಿಸಿ ಕರೆದೊಯ್ಯುತ್ತಾನೆ. ಮಗ್ದಲದ ಮರಿಯಳೊಡನೆ ಮದುವೆ, ಅವಳ ಸಾವು, ಬಳಿಕ ಮಾರ್ಥ ಮತ್ತು ಮರಿಯರೊಡನೆ ಸಂಸಾರ, ಮಕ್ಕಳು, ಮುಪ್ಪು. ಕೊನೆಗೆ ಮುದಿ ಶಿಷ್ಯರು ಮನೆ ಬಾಗಿಲಿಗೆ ಬಂದು ನಿಂತಾಗ, ನಡುವಿನಲ್ಲೇ ಓಡಿಹೋದೆಯಲ್ಲ ಎಂದು ಯೂದ ಹಂಗಿಸುತ್ತಾನೆ. ಆಗ ಕನಸು ಒಡೆಯುತ್ತದೆ. ಯೇಸು ಇನ್ನೂ ಶಿಲುಬೆಯ ಮೇಲೇ ಇದ್ದಾನೆ. ತಾನು ಓಡಿಹೋಗಿರಲಿಲ್ಲ ಎಂಬ ಆನಂದದಲ್ಲಿ ಪ್ರಾಣ ಬಿಡುತ್ತಾನೆ.

ಕೋಲಾಹಲ ಎದ್ದದ್ದೆಲ್ಲ ಈ ಕನಸಿನ ಸುತ್ತ. 1954ರಲ್ಲಿ ವ್ಯಾಟಿಕನ್ ಪುಸ್ತಕವನ್ನು ನಿಷೇಧಿತ ಗ್ರಂಥಗಳ ಸೂಚಿಗೆ ಸೇರಿಸಿತು. ಟರ್ಟುಲಿಯನ್ನನ ಹಳೆಯ ಮಾತೊಂದನ್ನು ತಂತಿಯಲ್ಲಿ ಕಳಿಸಿ, ತನ್ನ ಮೇಲ್ಮನವಿ ದೇವರ ನ್ಯಾಯಪೀಠಕ್ಕೆ ಎಂದು ಲೇಖಕ ಉತ್ತರಿಸಿದ. ಗ್ರೀಸಿನ ಆರ್ಥೊಡಾಕ್ಸ್ ಸಭೆಯೂ ಅದೇ ವರ್ಷ ಖಂಡಿಸಿತು. ಗ್ರೀಕ್ ಆವೃತ್ತಿ ಹೊರಬಂದದ್ದು 1955ರಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಬಹಿಷ್ಕಾರದ ಮಾತು ಜೋರಾಗಿ ಎದ್ದರೂ ಅದು ವಿಧಿವತ್ತಾಗಿ ಜಾರಿಯಾಗಲಿಲ್ಲ. 1957ರಲ್ಲಿ ಅವನು ತೀರಿಕೊಂಡಾಗ ಹೆರಾಕ್ಲಿಯೊನ್‌ನ ಸಂತ ಮಿನಾಸ್ ದೇವಾಲಯದಲ್ಲೇ ಅಂತ್ಯಸಂಸ್ಕಾರದ ಪೂಜೆ ನಡೆಯಿತು. ಸಮಾಧಿ ಊರಿನ ಹಳೆಯ ವೆನಿಸ್ ಕೋಟೆಯ ಮೇಲಿದೆ. ಮಾರ್ಟಿನ್ ಸ್ಕಾರ್ಸೆಸೆ 1988ರಲ್ಲಿ ಸಿನಿಮಾ ಮಾಡಿದಾಗ ಜಗಳ ಬೀದಿಗಿಳಿಯಿತು: ಪ್ಯಾರಿಸಿನ ಸೇಂಟ್ ಮಿಶೆಲ್ ಚಿತ್ರಮಂದಿರಕ್ಕೆ ಬೆಂಕಿಯಿಟ್ಟರು, ಹಲವರು ಗಾಯಗೊಂಡರು. ಅದಕ್ಕೂ ಮೊದಲು, 1986ರಲ್ಲಿ, ಇದೇ ಕಾದಂಬರಿಯನ್ನು ಆಧರಿಸಿ ಪಿ.ಎಂ. ಆಂಟನಿ ಬರೆದ ಮಲಯಾಳಂ ನಾಟಕ ‘ಕ್ರಿಸ್ತುವಿಂಡೆ ಆರಾಂ ತಿರುಮುರಿವ್’ ಕೇರಳದಲ್ಲಿ ನಿಷೇಧಕ್ಕೆ ಒಳಗಾಗಿತ್ತು. ಚಿಲಿ ದೇಶದ ನ್ಯಾಯಾಲಯಗಳು ಸಿನಿಮಾಕ್ಕೆ ತಡೆ ಹಾಕಿದ್ದನ್ನು ಅಮೆರಿಕ ಖಂಡದ ಮಾನವ ಹಕ್ಕುಗಳ ನ್ಯಾಯಾಲಯ 2001ರಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ ಎಂದು ತೀರ್ಮಾನಿಸಿತು. ‘ಧರ್ಮಕಾರಣ’ ಕಾದಂಬರಿಯ ಮುಟ್ಟುಗೋಲನ್ನೂ 2007ರ ಸುಪ್ರೀಂ ಕೋರ್ಟ್ ತೀರ್ಪನ್ನೂ ಕಂಡಿರುವ ಕನ್ನಡದ ಓದುಗರಿಗೆ ಈ ಬಗೆಯ ಸಂಗತಿ ಪರಕೀಯವೆನಿಸದು.

ನಿಷೇಧ ಸರಿಯೇ ಎಂಬುದು ಒಂದು ಪ್ರಶ್ನೆ, ಕೃತಿ ನಿಜವಾಗಿ ಸಭೆಯ ವಿಶ್ವಾಸಕ್ಕೆ ವಿರುದ್ಧವೇ ಎಂಬುದು ಮತ್ತೊಂದು. ಎರಡನೆಯದಕ್ಕೆ ಉತ್ತರ ಹುಡುಕಲು ಹಳೆಯ ಮಹಾಸಭೆಗಳ ತೀರ್ಮಾನಗಳಿಗೆ ಹೋಗಬೇಕು. ಕ್ರಿಸ್ತ ಪೂರ್ಣ ದೇವರು, ಪೂರ್ಣ ಮನುಷ್ಯ. ಎರಡು ಸ್ವಭಾವಗಳು ಬೆರೆಯದೆ, ಬೇರ್ಪಡದೆ ಒಬ್ಬನಲ್ಲಿವೆ ಎಂದು 451ರ ಕ್ಯಾಲ್ಸಿಡನ್ ಮಹಾಸಭೆ ಸಾರಿತು. ಹಾಗಾದರೆ ಅವನಿಗೆ ಇಚ್ಛೆಗಳು ಎಷ್ಟು? ಏಳನೆಯ ಶತಮಾನದಲ್ಲಿ ಬೈಜಾಂಟಿಯಂನ ಚಕ್ರವರ್ತಿಗಳು ರಾಜಕೀಯ ಒಗ್ಗಟ್ಟಿಗಾಗಿ ಒಂದೇ ಇಚ್ಛೆ ಎಂದರು. ಸನ್ಯಾಸಿ ಮಾಕ್ಸಿಮಸ್ ಒಪ್ಪಲಿಲ್ಲ. ಗೆತ್ಸೆಮನೆ ತೋಟದಲ್ಲಿ ಸಾವಿಗೆ ಹಿಂಜರಿದದ್ದು ನಿಜವಾದ ಮಾನುಷ ಇಚ್ಛೆ, ಅದು ಇಲ್ಲದಿದ್ದರೆ ಮನುಷ್ಯನ ಇಚ್ಛೆಗೆ ಉದ್ಧಾರವೇ ಇಲ್ಲ ಎಂಬುದು ಅವನ ಪಟ್ಟು. ಅವನ ನಾಲಿಗೆಯನ್ನೂ ಬಲಗೈಯನ್ನೂ ಕತ್ತರಿಸಿ ಗಡೀಪಾರು ಮಾಡಿದರು, 662ರಲ್ಲಿ ಸತ್ತ. ಹದಿನೆಂಟು ವರ್ಷಗಳ ನಂತರ ಸೇರಿದ ಕಾನ್‌ಸ್ಟಾಂಟಿನೋಪಲ್ ಮಹಾಸಭೆ (680–681) ಅವನ ಮಾತನ್ನೇ ಸಿದ್ಧಾಂತವಾಗಿ ಎತ್ತಿಹಿಡಿಯಿತು. ಶಿಲುಬೆಯಿಂದ ಇಳಿದು ಹೆಂಡತಿ ಮಕ್ಕಳೊಡನೆ ಬಾಳುವ ಆಸೆ ಯೇಸುವಿಗೆ ಕಂಡಿತು, ಅವನು ಅದನ್ನು ತಳ್ಳಿದ ಎನ್ನುವ ಕಾದಂಬರಿ ಮಾಕ್ಸಿಮಸನ ಪಕ್ಷದ್ದು, ಚಕ್ರವರ್ತಿಗಳದ್ದಲ್ಲ. ಮದುವೆ ಮಕ್ಕಳ ಆಸೆಯಲ್ಲಿ ಪಾಪವಾದರೂ ಏನಿದೆ?

ಆದರೆ ವಿರೋಧಿಗಳ ಪರವಾಗಿಯೂ ಹೇಳಬೇಕಾದ ಮಾತಿದೆ. ಶೋಧನೆಗೆ ಪ್ರೇರಣೆ, ಸುಖ, ಸಮ್ಮತಿ ಎಂಬ ಮೂರು ಮೆಟ್ಟಿಲುಗಳನ್ನು ಪೋಪ್ ಮಹಾ ಗ್ರೆಗರಿ ತನ್ನ ಬೋಧನೆಯೊಂದರಲ್ಲಿ ವಿವರಿಸಿದ್ದಾನೆ. ಕ್ರಿಸ್ತನಿಗೆ ಬಂದದ್ದು ಮೊದಲನೆಯದು ಮಾತ್ರ, ಅದೂ ಹೊರಗಿನಿಂದ. ಸುಖ ಅವನ ಮನಸ್ಸನ್ನು ಮುಟ್ಟಲಿಲ್ಲ. ಅಕ್ವಿನಾಸ್ ಇದನ್ನೇ ಮುಂದುವರಿಸಿದ. ಕಜಾಂಟ್‌ಜಾಕಿಸ್‌ನ ಯೇಸು ಕನಸಿನಲ್ಲಿ ವರ್ಷಗಟ್ಟಲೆ ಸುಖಪಡುತ್ತಾನೆ, ಅಂದರೆ ಎರಡನೆಯ ಮೆಟ್ಟಿಲಿನ ಮೇಲೆ ನಿಂತೇ ಇದ್ದಾನೆ. ಗ್ರೆಗರಿಯ ಅಳತೆಗೋಲನ್ನು ಒಪ್ಪಿದವರಿಗೆ ಕಾದಂಬರಿ ಆಕ್ಷೇಪಾರ್ಹವೇ. ಮೂರ್ಛೆಯಲ್ಲಿ ಬಿದ್ದ ಕನಸನ್ನು ಇಚ್ಛೆಯ ಲೆಕ್ಕಕ್ಕೆ ಹಿಡಿಯಬಹುದೇ ಎಂಬ ತಕರಾರು ಉಳಿದೇ ಇರುತ್ತದೆ. ಇದು ಪಂಡಿತರು ಕೂತು ತೀರ್ಮಾನಿಸಬಹುದಾದ ವಾದ, ಬೆಂಕಿಯಿಡುವಂಥದ್ದಂತೂ ಅಲ್ಲ.

ಕಾದಂಬರಿ ಸಂಪ್ರದಾಯದಿಂದ ನಿಜವಾಗಿ ಕಡಿದುಕೊಳ್ಳುವ ಜಾಗಗಳು ಬೇರೆ. ಮೊದಲನೆಯದು ಯೂದ. ಇಲ್ಲಿ ಅವನು ದುಡ್ಡಿಗೆ ಮಾರಿಕೊಂಡವನಲ್ಲ. ಶಿಷ್ಯರಲ್ಲೆಲ್ಲ ಗಟ್ಟಿಗ, ರೋಮ್ ವಿರುದ್ಧ ಸಿಡಿದೆದ್ದವರ ಗುಂಪಿನವನು. ತನ್ನನ್ನು ಹಿಡಿದುಕೊಡೆಂದು ಯೇಸುವೇ ಅವನನ್ನು ಬೇಡುತ್ತಾನೆ, ತನಗೆ ಬಂದದ್ದಕ್ಕಿಂತ ಕಷ್ಟದ ಪಾಲು ಅವನದೆಂದು ಒಪ್ಪುತ್ತಾನೆ. ಎರಡನೆಯದು ಮತ್ತಾಯನ ಪ್ರಸಂಗ. ಅವನು ಬರೆಯುತ್ತಿರುವುದನ್ನು ಓದಿದ ಯೇಸು ಇದೆಲ್ಲ ಸುಳ್ಳೆಂದು ರೇಗುತ್ತಾನೆ. ದೇವದೂತ ಕಿವಿಯಲ್ಲಿ ಹೇಳಿದ್ದನ್ನಷ್ಟೇ ಬರೆಯುತ್ತಿದ್ದೇನೆ ಎಂದು ಮತ್ತಾಯ ಹೇಳಿದಾಗ ಗುರುವೇ ಅಧೀರನಾಗುತ್ತಾನೆ: ನಾವು ಸುಳ್ಳೆನ್ನುವುದು ದೇವರ ಕಣ್ಣಿಗೆ ಸತ್ಯವಿದ್ದೀತೆ? ಈ ಪ್ರಸಂಗ ಕನಸಿನ ಒಳಗಿಲ್ಲ, ಹೊರಗಿದೆ. ಸುವಾರ್ತೆಗಳ ಪ್ರಾಮಾಣ್ಯವನ್ನೇ ಅಲುಗಿಸುವ ಈ ಪುಟಗಳು ಮಗ್ದಲದ ಮರಿಯಳ ಪುಟಗಳಿಗಿಂತ ಎಷ್ಟೋ ಪಾಲು ಅಪಾಯಕಾರಿ.

ಮೂರನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ತೀಕ್ಷ್ಣವಾದದ್ದು, ಪೌಲನ ಭೇಟಿ. ಕನಸಿನಲ್ಲಿ ಸಂಸಾರಿಯಾಗಿರುವ ಯೇಸುವಿನ ಊರಿಗೆ ಪೌಲ ಬಂದು, ಶಿಲುಬೆಯಲ್ಲಿ ಸತ್ತು ಎದ್ದುಬಂದ ಕ್ರಿಸ್ತನನ್ನು ಸಾರುತ್ತಾನೆ. ನಾನು ಸಾಯಲೇ ಇಲ್ಲ, ಇಗೋ ಇಲ್ಲಿದ್ದೇನೆ ಎಂದು ಯೇಸು ಕೂಗಾಡುತ್ತಾನೆ. ಪೌಲ ಅಂಜುವುದಿಲ್ಲ. ಜಗತ್ತಿಗೆ ಬೇಕಾದ ಕ್ರಿಸ್ತನನ್ನು ತಾನೇ ಕಟ್ಟಿಕೊಡಬಲ್ಲೆ, ಈ ಮುದುಕನ ಅಗತ್ಯ ಇನ್ನಿಲ್ಲ ಎಂಬುದು ಅವನ ನಿಲುವು. ಹೊಸ ಒಡಂಬಡಿಕೆಯ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿನೈದನೆಯ ಅಧ್ಯಾಯದಲ್ಲಿ ಹೇಳುವುದು ಇದಕ್ಕೆ ತದ್ವಿರುದ್ಧ: ಕ್ರಿಸ್ತ ಎದ್ದುಬರದಿದ್ದರೆ ವಿಶ್ವಾಸವೇ ವ್ಯರ್ಥ. ಒಬ್ಬನಿಗೆ ಘಟನೆಯೇ ಆಧಾರ, ಇನ್ನೊಬ್ಬನಿಗೆ ಘಟನೆ ಬೇಕೇ ಇಲ್ಲ. ಇದು ಸೈತಾನ ಹೆಣೆದ ಕನಸಿನೊಳಗಿನ ಮಾತು, ಲೇಖಕನದಲ್ಲ ಎಂದು ಕೃತಿಯನ್ನು ಸಮರ್ಥಿಸಬಹುದು. ಆದರೆ ಮತ್ತಾಯನ ಪ್ರಸಂಗ ಆಗಲೇ ಅದಕ್ಕೆ ನೆಲ ಹದಮಾಡಿಟ್ಟಿದೆ, ಮತ್ತು ಕಾದಂಬರಿ ಶಿಲುಬೆಯ ಸಾವಿಗೇ ನಿಂತುಬಿಡುತ್ತದೆ. ಪುನರುತ್ಥಾನದ ಬೆಳಗು ಅದರಲ್ಲಿ ಇಲ್ಲ. ಜಡವನ್ನು ಸೀಳಿಕೊಂಡು ಮೇಲೇರುವ ಪ್ರಾಣಶಕ್ತಿಯ ಬರ್ಗ್‌ಸನ್ ದರ್ಶನಕ್ಕೆ ಅದು ಬೇಕಾಗಿಯೂ ಇಲ್ಲ. ಅಲ್ಲಿ ಮನುಷ್ಯ ಹೋರಾಡಿ ದೇವರಾಗಬೇಕು. ದೇವರು ಕೃಪೆಯಿಂದ ಇಳಿದುಬರುವ ಕ್ರೈಸ್ತ ಕಥನದ ದಿಕ್ಕೇ ತಿರುಗಿಹೋಗಿದೆ.

ಇಷ್ಟನ್ನು ಗಮನಿಸಿದರೆ ‘ಕೊನೆಯ ಶೋಧನೆ’ಯನ್ನು ಸಭೆಯ ವಿಶ್ವಾಸಕ್ಕೆ ಅನುಗುಣವಾದ ಕೃತಿ ಎನ್ನಲು ಬರುವುದಿಲ್ಲ, ಅದರ ಕೆಲವು ಸಮರ್ಥಕರು ಹಾಗೆ ಹೇಳುವುದು ಅತಿಯಾದ ಔದಾರ್ಯ. ಆದರೆ ಅದು ಸಭೆಯಿಂದ ದೂರ ಸರಿದದ್ದು ಮದುವೆಯ ಕನಸಿನಿಂದಲ್ಲ. ಮರಿಯಳ ಪುಟಗಳನ್ನು ಹಿಡಿದು ಬೀದಿಗಿಳಿದವರು ಪೌಲನ ಪುಟಗಳನ್ನೂ ಓದಿದ್ದರೆ ಅವರ ಜಗಳಕ್ಕೆ ಹೆಚ್ಚಿನ ತೂಕ ಬರುತ್ತಿತ್ತು.