ತಳಿಯೋ, ನೆಲವೋ?

ಕಲಬುರಗಿಯ ಪೇಟೆಗೆ ಬರುವ ಬಾಳೆಯಲ್ಲಿ ಹಲವು ಬಗೆ. ಆದರೂ ಕಮಲಾಪುರದ ಕೆಂಪು ಬಾಳೆಯನ್ನು ಯಾರೂ ಬೇರೊಂದೆಂದು ಭ್ರಮಿಸರು. ಅದರ ಹಿರಿಮೆ ತಳಿಯದೋ, ಬೆಳೆದ ನೆಲದ್ದೋ? ಇಂಥದೇ ಪ್ರಶ್ನೆಯನ್ನು ವೈದ್ಯವಿಜ್ಞಾನವು ಎಳೆಯ ಮಕ್ಕಳ ಒಂದು ಕ್ರೂರವ್ಯಾಧಿಯ ವಿಷಯದಲ್ಲಿ ಕೇಳಿಕೊಳ್ಳಬೇಕಾಯಿತು.

೧೯೫೭ರಲ್ಲಿ ಉಗಾಂಡದ ಕಂಪಾಲ ನಗರದ ಮುಲಾಗೊ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ಟರು ದವಡೆಗಳು ಬಾತುಕೊಂಡಿದ್ದ ಬಾಲಕನೊಬ್ಬನನ್ನು ಕಂಡರು. ಅಂಥ ಮಕ್ಕಳು ಮತ್ತೆ ಮತ್ತೆ ಬಂದರು. ಮರುವರ್ಷ ಅವರು ಈ ಅರ್ಬುದವನ್ನು ಕುರಿತು ಬರೆದರು. ಮುಂದೆ ಅದಕ್ಕೆ ಬರ್ಕಿಟ್ ಲಿಂಫೋಮವೆಂದೇ ಹೆಸರಾಯಿತು. ೧೯೬೧ರಲ್ಲಿ ಹಳೆಯ ಮೋಟಾರುಗಾಡಿಯೊಂದರಲ್ಲಿ ಸುಮಾರು ೧೦,೦೦೦ ಮೈಲಿ ಸುತ್ತಿ, ರೋಗವಿರುವ ಊರುಗಳನ್ನು ನಕಾಶೆಯಲ್ಲಿ ಗುರುತಿಸಿದರು. ಬಿಸಿಲೂ ಮಳೆಯೂ ಹೆಚ್ಚಾದ ತಗ್ಗುನಾಡುಗಳೇ ಅವು. ಮಲೇರಿಯದ ಸೀಮೆಯೂ ಅದೇ. ಇದು ನೆಲದ ಸಾಕ್ಷ್ಯ.

ಬೀಜದ ಸಾಕ್ಷ್ಯ ದೊರೆತದ್ದು ಲಂಡನ್ನಿನಲ್ಲಿ. ಕಂಪಾಲದಿಂದ ವಿಮಾನದಲ್ಲಿ ಬಂದ ಗಡ್ಡೆಯ ಜೀವಕೋಶಗಳನ್ನು ಬೆಳೆಸಿ, ಎಪ್‌ಸ್ಟೈನ್, ಅಚಾಂಗ್, ಬಾರ್ ಎಂಬ ಮೂವರು ೧೯೬೪ರಲ್ಲಿ ಒಂದು ಹೊಸ ವೈರಸ್ಸನ್ನು ಪ್ರಕಟಪಡಿಸಿದರು. ಆದರೆ ಎಪ್‌ಸ್ಟೈನ್-ಬಾರ್ ಎಂಬ ಆ ವೈರಸ್ಸು ಲೋಕದ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಸುಮ್ಮನೆ ವಾಸಿಸುತ್ತದೆಂದು ಬಳಿಕ ತಿಳಿಯಿತು. ಎಲ್ಲರಲ್ಲಿಯೂ ಇರುವುದು ಕೆಲವೇ ಮಕ್ಕಳನ್ನು ಏಕೆ ಕೊಲ್ಲಬೇಕು?

ಇಲ್ಲಿಂದ ಮುಂದಿನದು ನಮ್ಮ ಗ್ರಂಥಸಂಪಾದಕರಿಗೆ ಪರಿಚಿತವಾದ ಹಾದಿ. ೧೯೮೪ರಲ್ಲಿ ಈ ವೈರಸ್ಸಿನ ಒಂದು ಪ್ರತಿಯನ್ನು ಮೊದಲಿಂದ ಕೊನೆಯವರೆಗೆ ಓದಲಾಯಿತು. ಗರಿ ಕಳೆದ ಓಲೆಕಟ್ಟಿನಂತೆ ಅದರಲ್ಲಿ ಸುಮಾರು ೧೨,೦೦೦ ಅಕ್ಷರಗಳು ಲುಪ್ತವಾಗಿದ್ದುವು. ಬೇರೊಂದು ಪ್ರತಿಯಿಂದ ಅವನ್ನು ತುಂಬಿಕೊಳ್ಳಬೇಕಾಯಿತು. ಒಂದನೆಯದು, ಎರಡನೆಯದು ಎಂಬ ಎರಡು ತಳಿಗಳಿರುವುದೂ ಆ ಕಾಲದಲ್ಲಿಯೇ ಸ್ಪಷ್ಟವಾಯಿತು. ಮೊದಲನೆಯದು ಲೋಕವ್ಯಾಪಿ, ಎರಡನೆಯದು ಆಫ್ರಿಕದಲ್ಲಿ ಹೆಚ್ಚು. ರಕ್ತದ ಬಿ-ಕೋಶಗಳನ್ನು ಅಳಿವಿಲ್ಲದಂತೆ ಬೆಳೆಯಿಸುವುದರಲ್ಲಿ ಮೊದಲನೆಯದೇ ಪ್ರಬಲ. ೨೦೨೦ರಲ್ಲಿ ಪ್ರಕಟವಾದ ಕೀನ್ಯದ ಅಧ್ಯಯನದಲ್ಲಿ, ಆರೋಗ್ಯವಂತ ಮಕ್ಕಳಿಗಿಂತ ಈ ರೋಗಪೀಡಿತ ಮಕ್ಕಳಲ್ಲಿ ಒಂದನೆಯ ತಳಿಯೇ ಹೆಚ್ಚಾಗಿ ಕಂಡುಬಂದಿತು. ಹಾಗೆಂದು ನೆಲದ ಸಾಕ್ಷ್ಯ ಸುಳ್ಳಾಗಲಿಲ್ಲ. ಮಲೇರಿಯವು ಮಗುವಿನ ರಕ್ಷಣಾಶಕ್ತಿಯನ್ನು ಕುಗ್ಗಿಸಿ ಹೊಲವನ್ನು ಹದಗೊಳಿಸುತ್ತದೆ. ತಳಿಯೂ ಹೌದು, ನೆಲವೂ ಹೌದು.

ನಮ್ಮ ದೇಶದಲ್ಲಿ ಈ ರೋಗ ವಿರಳ. ಇಲ್ಲಿ ಅದು ದವಡೆಗಿಂತ ಹೊಟ್ಟೆಯಲ್ಲಿ ತೋರುವುದೇ ಹೆಚ್ಚು. ಎಲ್ಲ ಗಡ್ಡೆಗಳಲ್ಲಿಯೂ ವೈರಸ್ಸು ಇರುವುದಿಲ್ಲ. ಆದ್ದರಿಂದ ಆಫ್ರಿಕದ ಪಾಠವನ್ನೇ ನಮ್ಮ ಪಾಠವೆಂದು ಒಪ್ಪಿಕೊಳ್ಳುವಂತಿಲ್ಲ; ನಮ್ಮ ನೆಲದ ಪ್ರತಿಗಳನ್ನು ನಾವೇ ಓದಬೇಕು. ಆದರೆ ಮಗುವಿನ ಗಡ್ಡೆ ನಮ್ಮ ಓದು ಮುಗಿಯುವವರೆಗೆ ಕಾಯುವುದಿಲ್ಲ. ಒಂದೆರಡು ದಿನಗಳಲ್ಲಿಯೇ ಅದು ಇಮ್ಮಡಿಸಬಲ್ಲುದು. ಹಾಗಿದ್ದೂ, ಸಕಾಲದಲ್ಲಿ ಔಷಧ ದೊರೆತರೆ ಇಷ್ಟು ಚೆನ್ನಾಗಿ ಕರಗುವ ಅರ್ಬುದಗಳು ಕೆಲವೇ. ಅನುಕೂಲವುಳ್ಳ ದೇಶಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕೇಂದ್ರವೊಂದು ಕಲಬುರಗಿಯಲ್ಲಿಯೂ ಇದೆ. ಕಮಲಾಪುರದ ತಾಯಿಯೊಬ್ಬಳು ಮಗುವಿನ ಹೊಟ್ಟೆಯ ಬಾವನ್ನು ಕಂಡ ದಿನವೇ ನಗರದ ಬಸ್ಸನ್ನು ಹತ್ತಿದರೆ, ತಳಿ ಯಾವುದೇ ಇರಲಿ, ಮಗುವಿಗೆ ಬದುಕುವ ದಾರಿಯೊಂದು ತೆರೆದಂತಾಗುತ್ತದೆ.